ನಿಂತ ಚಕ್ರ, ತಿರುಗುವ ಇಂಜಿನ್

ಏರುದಾರಿಯ ನಡುವೆ ಕಾರೊಂದು ನಿಂತಿದೆ. ಒಳಗೆ ಐವರು ಪ್ರಯಾಣಿಕರು; ಹಿಂಬದಿಯಲ್ಲಿ ಅವರ ಸಾಮಾನು. ಮುಂದಿನ ವಾಹನ ಕದಲಿದೊಡನೆ ಇದೂ ಹೊರಡಬೇಕು. ಒಂದಡಿಯೂ ಹಿಂದಕ್ಕೆ ಜಾರಬಾರದು. ಗೇರನ್ನು ಕೈಯಿಂದ ಬದಲಿಸುವ ಕಾರಾದರೆ ಚಾಲಕನು ಎಡಗಾಲಿನಿಂದ ಕ್ಲಚ್ಚನ್ನು ಮೆಲ್ಲನೆ ಬಿಡುತ್ತ, ಬಲಗಾಲಿನಿಂದ ಆಕ್ಸಿಲರೇಟರನ್ನು ಒತ್ತುತ್ತ ಅದನ್ನು ಮುನ್ನಡೆಸುತ್ತಾನೆ. ಸ್ವಯಂಚಾಲಿತ ಗೇರಿನ ಕಾರಿನಲ್ಲಿ ಕ್ಲಚ್ಚಿನ ಪೆಡಲೇ ಇಲ್ಲ. ತಿರುಗುವ ಇಂಜಿನ್ನಿಗೂ ನಿಂತ ಚಕ್ರಕ್ಕೂ ಅಲ್ಲಿ ನಂಟು ಕಲ್ಪಿಸುವುದು ಯಾವುದು? ಇಂತಹ ಅನೇಕ ಕಾರುಗಳಲ್ಲಿ ಆ ಹೊಣೆಯನ್ನು ಹೊತ್ತಿರುವುದು ಟಾರ್ಕ್ ಕನ್ವರ್ಟರ್ ಎಂಬ ಸಾಧನ.

ಈ ಸಾಧನ ಹುಟ್ಟಿದ್ದು ರಸ್ತೆಗಾಗಿ ಅಲ್ಲ, ಕಡಲಿಗಾಗಿ. ಹಡಗಿನ ಆವಿ ಟರ್ಬೈನು ಅತಿ ವೇಗವಾಗಿ ತಿರುಗುತ್ತದೆ. ನೀರನ್ನು ತಳ್ಳುವ ಪ್ರೊಪೆಲ್ಲರು ನಿಧಾನವಾಗಿ ತಿರುಗಬೇಕು. ಇವೆರಡನ್ನೂ ಹೊಂದಿಸುವ ಬಗೆಯನ್ನು ಅರಸುತ್ತಿದ್ದ ಜರ್ಮನಿಯ ಇಂಜಿನಿಯರ್ ಹೆರ್ಮನ್ ಫೋಟಿಂಗರ್ 1905ರಲ್ಲಿ ದ್ರವದ ಮೂಲಕ ಬಲವನ್ನು ಸಾಗಿಸುವ ಉಪಾಯಕ್ಕೆ ಪೇಟೆಂಟ್ ಪಡೆದನು. 1948ರಲ್ಲಿ ಅಮೆರಿಕದ ಬ್ಯೂಕ್ ಕಾರಿನಲ್ಲಿ 'ಡೈನಾಫ್ಲೋ' ಎಂಬ ಹೆಸರಿನಿಂದ ಟಾರ್ಕ್ ಕನ್ವರ್ಟರ್ ಬಳಕೆಗೆ ಬಂದಿತು. ಕುಲುಕಾಟವಿಲ್ಲದ ಅದರ ನಡೆಯನ್ನು ಜನ ಮೆಚ್ಚಿದರು. ಹೊರಡುವಾಗಿನ ಮಂದಗತಿಯನ್ನು ದೂರಿದರು.

ಟಾರ್ಕ್ ಎಂದರೆ ತಿರುಗಿಸುವ ಬಲ. ಕನ್ವರ್ಟರ್ ಎಣ್ಣೆ ತುಂಬಿದ, ಮುಚ್ಚಿದ ದುಂಡು ಪಾತ್ರೆ. ಅದರೊಳಗೆ ಅಲಗುಗಳುಳ್ಳ ಮೂರು ಚಕ್ರಗಳಿವೆ. ಇಂಜಿನ್ನಿನೊಡನೆ ತಿರುಗುವ ಪಂಪು ಎಣ್ಣೆಯನ್ನು ಎರಚುತ್ತದೆ. ಆ ಎಣ್ಣೆಯ ಹೊಡೆತಕ್ಕೆ ಎದುರಿನ ಟರ್ಬೈನು ತಿರುಗಿ, ಗೇರುಪೆಟ್ಟಿಗೆಗೆ ಬಲವನ್ನು ಒಪ್ಪಿಸುತ್ತದೆ. ಚಲಿಸುತ್ತಿರುವ ಬೀಸಣಿಗೆಯ ಗಾಳಿಗೆ ಎದುರಿಗಿಟ್ಟ ಇನ್ನೊಂದು ಬೀಸಣಿಗೆ ತಾನಾಗಿಯೇ ತಿರುಗುವುದಿಲ್ಲವೆ? ಇದೂ ಹಾಗೆಯೇ. ಮೂರನೆಯದಾದ ಸ್ಟೇಟರು, ಟರ್ಬೈನಿನಿಂದ ಮರಳುವ ಎಣ್ಣೆಯ ದಿಕ್ಕನ್ನು ತಿರುಗಿಸಿ, ಪಂಪಿಗೆ ಅಡ್ಡಿಯಾಗಬಹುದಾದ ಪ್ರವಾಹವನ್ನೇ ನೆರವಾಗಿ ಮಾರ್ಪಡಿಸುತ್ತದೆ. ಇದರಿಂದ ಕಾರು ನಿಂತಲ್ಲಿಂದ ಹೊರಡುವ ಗಳಿಗೆಯಲ್ಲಿ ಇಂಜಿನ್ನಿನ ಟಾರ್ಕು ಸುಮಾರು ಎರಡು ಪಟ್ಟಾಗಿ ಗೇರುಪೆಟ್ಟಿಗೆಗೆ ದೊರೆಯುತ್ತದೆ.

ಬ್ರೇಕನ್ನು ಬಲವಾಗಿ ಹಿಡಿದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಏನಾಗುವುದು? ಟರ್ಬೈನು ಕದಲದು, ಇಂಜಿನ್ನಿನ ವೇಗ ಏರುತ್ತ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟವೇ ಸ್ಟಾಲ್ ವೇಗ. ಅದು ಅಲ್ಲಿಯೇ ನಿಲ್ಲುವುದಕ್ಕೆ ಕಾರಣವಿದೆ. ಪಂಪಿನ ವೇಗ ಎರಡು ಪಟ್ಟಾದರೆ ಅದನ್ನು ತಿರುಗಿಸಲು ಬೇಕಾಗುವ ಟಾರ್ಕು ನಾಲ್ಕು ಪಟ್ಟಾಗುತ್ತದೆ. ನಿಮಿಷಕ್ಕೆ 2000 ಸುತ್ತಿನಲ್ಲಿ ಕನ್ವರ್ಟರೊಂದು 150 ನ್ಯೂಟನ್-ಮೀಟರ್ ಟಾರ್ಕನ್ನು ಬೇಡುತ್ತದೆ ಎಂದಿಟ್ಟುಕೊಳ್ಳೋಣ. 800 ಸುತ್ತಿನಲ್ಲಿ ಅದು ಬೇಡುವುದು 24 ಮಾತ್ರ. ಆದುದರಿಂದಲೇ ಬ್ರೇಕ್ ಹಿಡಿದ ಕಾರಿನಲ್ಲಿ ಇಂಜಿನ್ ಆರಿಹೋಗದೆ ಮೆಲ್ಲನೆ ತಿರುಗುತ್ತಿರಬಲ್ಲದು. ಇಂಜಿನ್ನಿನ ಟಾರ್ಕು 150 ಆದರೆ ವೇಗ 2000ದಲ್ಲಿ ನಿಲ್ಲುತ್ತದೆ. ಅದೇ ಕನ್ವರ್ಟರಿಗೆ 216 ನ್ಯೂಟನ್-ಮೀಟರ್ ನೀಡುವ ಇಂಜಿನ್ನನ್ನು ಜೋಡಿಸಿದರೆ ಸ್ಟಾಲ್ ವೇಗ 2400ಕ್ಕೆ ಏರುತ್ತದೆ. ಕನ್ವರ್ಟರಿನ ವ್ಯಾಸ ಕಿರಿದಾದರೂ ಈ ವೇಗ ಹೆಚ್ಚುತ್ತದೆ. ಸ್ಟಾಲ್ ವೇಗವು ಕನ್ವರ್ಟರೊಂದರದೇ ಗುಣವಲ್ಲ. ಇಂಜಿನ್ನೂ ಕನ್ವರ್ಟರೂ ಕೂಡಿ ನಿರ್ಧರಿಸುವ ಗುಣ.

ಪೆಟ್ರೋಲ್ ಇಂಜಿನ್ನುಗಳಲ್ಲಿ ಅನೇಕವು ಕಡಿಮೆ ವೇಗದಲ್ಲಿ ತಮ್ಮ ಪೂರ್ಣ ಟಾರ್ಕನ್ನು ನೀಡಲಾರವು. ಸ್ಟಾಲ್ ವೇಗ ತೀರ ಕಡಿಮೆಯಾದರೆ ಅಂತಹ ಇಂಜಿನ್ ಬಲಗೂಡುವ ಮೊದಲೇ ಹೊರೆಗೆ ಸಿಕ್ಕಿ ಏದುಸಿರುಬಿಡುತ್ತದೆ. ಕಾರು ತಡವರಿಸುತ್ತ ಹೊರಡುತ್ತದೆ. ವೇಗ ಹೆಚ್ಚಾಗಿದ್ದರೆ ಇಂಜಿನ್ ಬೇಗನೆ ತನ್ನ ಬಲದ ನೆಲೆಯನ್ನು ಮುಟ್ಟುತ್ತದೆ. ಕಾರು ಚಿಮ್ಮಿ ಹೊರಡುತ್ತದೆ. ಪಂದ್ಯದ ಕಾರುಗಳಿಗೆ 4000ಕ್ಕೂ ಮಿಗಿಲಾದ ಸ್ಟಾಲ್ ವೇಗವನ್ನು ಆರಿಸುವುದುಂಟು. ಕಡಿಮೆ ಸುತ್ತಿನಲ್ಲಿಯೇ ಬಲ ನೀಡುವ ಡೀಸೆಲ್ ಇಂಜಿನ್ನಿಗೆ ಅಷ್ಟು ಬೇಕಿಲ್ಲ.

ಹಾಗಾದರೆ ಎಲ್ಲ ಕಾರುಗಳಿಗೂ ಹೆಚ್ಚಿನ ಸ್ಟಾಲ್ ವೇಗವನ್ನೇ ಏಕೆ ಇಡಬಾರದು? ಪ್ರಕೃತಿ ಯಾವುದನ್ನೂ ಬಿಟ್ಟಿಯಾಗಿ ಕೊಡುವುದಿಲ್ಲ. ಪಂಪು ಮುಂದೋಡಿ ಟರ್ಬೈನು ಹಿಂದುಳಿದಷ್ಟೂ ಶಕ್ತಿ ಎಣ್ಣೆಯಲ್ಲಿ ಶಾಖವಾಗಿ ಕರಗುತ್ತದೆ. ಮೇಲಿನ ಮೊದಲ ಉದಾಹರಣೆಯಲ್ಲಿ ಟರ್ಬೈನು ನಿಂತಿರುವಾಗ ಉಂಟಾಗುವ ಶಾಖ ಸುಮಾರು 31 ಕಿಲೋವಾಟ್. ಒಂದು ಕಿಲೋವಾಟಿನ ಮೂವತ್ತೊಂದು ಹೀಟರುಗಳನ್ನು ಕೆಲವೇ ಲೀಟರು ಎಣ್ಣೆಯಲ್ಲಿ ಮುಳುಗಿಸಿದಂತೆ! ಆದುದರಿಂದ ಕಾರ್ಯಾಗಾರದಲ್ಲಿ ಈ ಪರೀಕ್ಷೆಯನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತಾರೆ. ಏರಿನಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರನ್ನೇ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವ ಚಾಲಕನು ಅರಿಯದೆಯೇ ಎಣ್ಣೆಯನ್ನು ಸುಡುತ್ತಿರುತ್ತಾನೆ. ಅತಿ ಹೆಚ್ಚಿನ ಸ್ಟಾಲ್ ವೇಗದ ಕಾರು ಪೇಟೆಯ ಬೀದಿಯಲ್ಲಿ ಸದ್ದು ಹೆಚ್ಚು ಮಾಡಿ, ಓಟ ಕಡಿಮೆ ಮಾಡಿ, ಇಂಧನವನ್ನು ಪೋಲು ಮಾಡುತ್ತದೆ. ಈ ನಷ್ಟವನ್ನು ತಗ್ಗಿಸಲೆಂದೇ ಇಂದಿನ ಕಾರುಗಳಲ್ಲಿ, ವೇಗ ಹಿಡಿದ ಮೇಲೆ ಪಂಪನ್ನೂ ಟರ್ಬೈನನ್ನೂ ಒಂದಾಗಿ ಬಿಗಿಯುವ ಲಾಕ್-ಅಪ್ ಕ್ಲಚ್ಚನ್ನು ಅಳವಡಿಸಿರುತ್ತಾರೆ.

ಏರುದಾರಿಯ ಆ ಕಾರು ಹಿಂದಕ್ಕೆ ಜಾರದೆ, ಆರ್ಭಟವಿಲ್ಲದೆ ಹೊರಟರೆ, ಅದರ ಇಂಜಿನ್ನಿಗೂ ಕನ್ವರ್ಟರಿಗೂ ಹೊರಬೇಕಾದ ಭಾರಕ್ಕೂ ತಕ್ಕ ಹೊಂದಾಣಿಕೆ ಇದೆ ಎಂದೇ ಅರ್ಥ. ಇಂಜಿನಿಯರನು ಅರಸುವುದು ಅತಿ ಹೆಚ್ಚಿನ ಸಂಖ್ಯೆಯನ್ನಲ್ಲ. ಕೆಲಸಕ್ಕೆ ತಕ್ಕ ಸಂಖ್ಯೆಯನ್ನು.