ಹಿಮದ ಹಾದಿಯಲ್ಲಿ ವಾಹನ ಚಾಲನೆ

ಹಿಂದಿನ ವರ್ಷದ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ದಿನ ಪ್ರಸಾದ ಮುಗಿಸಿ ಅಂಗಳದ ಬೇವಿನ ಮರದಡಿಯಲ್ಲಿ ಕುಳಿತಿದ್ದಾಗ ಕಿವಿಗೆ ಬಿದ್ದ ಒಂದು ಸಂಭಾಷಣೆಯೇ ಈ ಲೇಖನಕ್ಕೆ ಪ್ರೇರಣೆ. ನಮ್ಮ ತರುಣ ವಿದ್ಯಾರ್ಥಿಯೊಬ್ಬನು ಚಳಿಗಾಲದಲ್ಲಿ ಗೆಳೆಯರೊಡನೆ ಮನಾಲಿಗೆ ಹೋಗಿದ್ದನು. ಅಲ್ಲಿ ಅವನು ಬಾಡಿಗೆಗೆ ಪಡೆದು ತಾನೇ ನಡೆಸುತ್ತಿದ್ದ ಜೀಪು ಇಳಿಜಾರಿನಲ್ಲಿ ಜಾರಿ, ಕಮರಿಯ ಅಂಚಿನ ಹಿಮರಾಶಿಗೆ ತಗುಲಿ ನಿಂತಿತ್ತು. “ಬ್ರೇಕ್ ಜೋರ್ ತುಳದೆ ಅಣ್ಣಾರ, ಆದ್ರೂ ಗಾಡಿ ನಿಂದರಲಿಲ್ಲ” ಎಂದು ಅವನು ಹೇಳುತ್ತಿದ್ದನು. ಕೇಳುತ್ತಿದ್ದವರು ಇದೇ ಶಾಲೆಯಲ್ಲಿ ಕಲಿತು, ಸೇನೆಯಲ್ಲಿ ಚಾಲಕರಾಗಿ ಲಡಾಖಿನ ದಾರಿಗಳಲ್ಲಿ ಹಲವು ಚಳಿಗಾಲಗಳನ್ನು ಕಳೆದು ನಿವೃತ್ತರಾದವರು. ಅವರು ನಗಲಿಲ್ಲ, “ಜೋರ್ ತುಳದದ್ದಕ್ಕ ನಿಂದರಲಿಲ್ಲ, ತಮ್ಮಾ” ಎಂದಷ್ಟೇ ನುಡಿದರು.

ಮೂವತ್ತು ವರ್ಷ ಇದೇ ಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿದ ನನಗೆ, ಘರ್ಷಣೆಯ ಪಾಠವನ್ನು ಅಷ್ಟು ಸಂಕ್ಷೇಪವಾಗಿ ಹೇಳಲು ಎಂದೂ ಸಾಧ್ಯವಾಗಿರಲಿಲ್ಲ. ಬಿಸಿಲ ನಾಡಿನ ಶಾಲೆಯ ಸಂಚಿಕೆಯಲ್ಲಿ ಹಿಮದ ಮಾತೇಕೆ ಎಂದು ಓದುಗರು ಕೇಳಬಹುದು. ರೋಹ್ತಾಂಗ್ ಕಣಿವೆಮಾರ್ಗದ ಕೆಳಗೆ 9.02 ಕಿಲೋಮೀಟರು ಉದ್ದದ ಅಟಲ್ ಸುರಂಗವು 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ ಮೇಲೆ, ಹಿಂದೆ ಚಳಿಗಾಲದಲ್ಲಿ ಮುಚ್ಚಿರುತ್ತಿದ್ದ ಲಾಹೌಲ್ ಪ್ರದೇಶಕ್ಕೆ ಬಯಲುಸೀಮೆಯ ಜನ ಡಿಸೆಂಬರಿನಲ್ಲೂ ಹೋಗತೊಡಗಿದ್ದಾರೆ. ನಮ್ಮ ಮಕ್ಕಳು ಕೆನಡಾ, ಜರ್ಮನಿ ಮೊದಲಾದ ದೇಶಗಳಲ್ಲಿ ನೆಲೆಸಿ ನಿತ್ಯವೂ ಹಿಮದ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆ. ಇವರಲ್ಲಿ ಬಹುಪಾಲು ಜನ ಚಾಲನೆಯನ್ನು ಕಲಿತದ್ದು ಮಂಜುಗಡ್ಡೆಯನ್ನೇ ಕಾಣದ ರಸ್ತೆಗಳಲ್ಲಿ. ಆದಕಾರಣ ಆ ಹಿರಿಯ ಚಾಲಕರ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯವೆನಿಸಿತು.

ಜಾರುವುದೇಕೆ?

ವಾಹನವನ್ನು ನಿಲ್ಲಿಸುವುದು ಬ್ರೇಕು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಬ್ರೇಕು ನಿಲ್ಲಿಸುವುದು ಗಾಲಿಯನ್ನು ಮಾತ್ರ. ವಾಹನವನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವೆ ಇರುವ ಘರ್ಷಣೆ. ಒಣ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕವು ಸುಮಾರು 0.7 ಇದ್ದರೆ, ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 0.2, ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕಿಂತಲೂ ಕಡಿಮೆ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿರುವ ವಾಹನವು ಬ್ರೇಕು ಹಿಡಿದ ಕ್ಷಣದಿಂದ ಒಣ ರಸ್ತೆಯಲ್ಲಿ ಸುಮಾರು 9 ಮೀಟರಿನೊಳಗೆ ನಿಂತರೆ, ಗಟ್ಟಿ ಹಿಮದ ಮೇಲೆ 31 ಮೀಟರು, ಮಂಜುಗಡ್ಡೆಯ ಮೇಲೆ 63 ಮೀಟರು ಸಾಗುತ್ತದೆ. ಆದರೆ ಇದೇ ಲೆಕ್ಕ ಒಂದು ಸಮಾಧಾನವನ್ನೂ ಹೇಳುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಈ ದೂರವು ಕಾಲುಭಾಗಕ್ಕೆ ಇಳಿಯುತ್ತದೆ. 20 ಕಿಲೋಮೀಟರು ವೇಗದಲ್ಲಿ ಮಂಜುಗಡ್ಡೆಯ ಮೇಲೂ 16 ಮೀಟರು ಸಾಕು.

ಇದು ಸಮತಟ್ಟಾದ ರಸ್ತೆಯ ಮಾತು. ಹತ್ತು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ ಗುಣಾಂಕ 0.1 ಆಗಿದ್ದರೆ, ಕೆಳಗೆ ಎಳೆಯುವ ಬಲವೂ ಹಿಡಿದಿಡುವ ಬಲವೂ ಸಮವಾಗಿಬಿಡುತ್ತವೆ. ಅಲ್ಲಿ ಜಾರಿದ ವಾಹನವನ್ನು ಯಾವ ಬ್ರೇಕೂ ನಿಲ್ಲಿಸಲಾರದು. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ಹರಿಯುವ ಜೀಪು ಹಿಮದಲ್ಲಿ ಸುಲಭವಾಗಿ ಹೊರಡುತ್ತದೆ, ಏರುತ್ತದೆ. ಆದರೆ ನಿಲ್ಲುವುದರಲ್ಲಿ ಅದಕ್ಕೆ ಯಾವ ವಿಶೇಷ ಸಾಮರ್ಥ್ಯವೂ ಇಲ್ಲ. ಈ ಭೇದವನ್ನರಿಯದೆ ಮೋಸಹೋದವರು ಅನೇಕರು.

ಇನ್ನೊಂದು ಅಂಶವಿದೆ. ಉರುಳುವ ಗಾಲಿ ಮಾತ್ರ ಸ್ಟಿಯರಿಂಗಿನ ಮಾತು ಕೇಳುತ್ತದೆ. ಬ್ರೇಕನ್ನು ಜೋರಾಗಿ ತುಳಿದಾಗ ಗಾಲಿಯು ಕಚ್ಚಿಕೊಂಡು ಜಾರುತ್ತದೆ. ಆಗ ಅದನ್ನು ಯಾವ ಕಡೆ ತಿರುಗಿಸಿದರೂ ವಾಹನವು ಹೋಗುತ್ತಿದ್ದ ದಿಕ್ಕಿಗೇ ಹೋಗುತ್ತದೆ. ಮಳೆ ಬಿದ್ದ ಎರೆಭೂಮಿಯ ದಾರಿಯಲ್ಲಿ ಗಾಡಿ ಹೊಡೆದವರಿಗೆ ಇದರ ಅನುಭವ ಕೊಂಚವಾದರೂ ಇದ್ದೀತು.

ಕಾಣದ ಮಂಜುಗಡ್ಡೆ

ಬಿಳಿಯ ಹಿಮಕ್ಕಿಂತ ಅಪಾಯಕರವಾದುದು ಕಣ್ಣಿಗೆ ಕಾಣದ ತೆಳುವಾದ ಮಂಜುಗಡ್ಡೆ. ಅದು ಪಾರದರ್ಶಕವಾದುದರಿಂದ ಕೆಳಗಿನ ಡಾಂಬರಿನ ಬಣ್ಣವೇ ಕಾಣುತ್ತದೆ; ರಸ್ತೆ ಬರಿದೆ ಒದ್ದೆಯಾಗಿದೆ ಎಂದು ಭ್ರಮೆಯಾಗುತ್ತದೆ. ಬೆಟ್ಟದ ದಾರಿಗಳಲ್ಲಿ ಹಗಲು ಕರಗಿದ ಹಿಮದ ನೀರು ರಸ್ತೆಗೆ ಅಡ್ಡವಾಗಿ ಹರಿದು, ಸೂರ್ಯಾಸ್ತದ ನಂತರ ಹೆಪ್ಪುಗಟ್ಟುತ್ತದೆ. ಆದ್ದರಿಂದ ಬೆಳಗಿನ ಜಾವವೂ ಸಂಜೆಯ ಮೇಲಿನ ಹೊತ್ತೂ ಅಪಾಯದ ಕಾಲ. ಬಿಸಿಲು ತಾಗದ ತಿರುವುಗಳಲ್ಲಿ ಅದು ಮಧ್ಯಾಹ್ನದಲ್ಲೂ ಉಳಿದಿರಬಹುದು. ಸೇತುವೆಗಳ ಕೆಳಗೂ ತಂಪುಗಾಳಿ ಬೀಸುವುದರಿಂದ ಅವು ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ವಿಚಿತ್ರವೆಂದರೆ, ಕಡುಚಳಿಯ ಮಂಜುಗಡ್ಡೆಗಿಂತ ಸೊನ್ನೆ ಡಿಗ್ರಿಯ ಆಸುಪಾಸಿನದು ಹೆಚ್ಚು ಜಾರುತ್ತದೆ. ಅದರ ಮೇಲೆ ನೀರಿನ ತೆಳು ಪದರವಿರುವುದೇ ಇದಕ್ಕೆ ಕಾರಣ.

ವಾಹನದ ಸಿದ್ಧತೆ

ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತ ಹೋಗಿ ನೆಲವನ್ನು ಹಿಡಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಚಳಿಯಲ್ಲೂ ಮೃದುವಾಗಿರುವ ರಬ್ಬರಿನಿಂದ ಮಾಡಿದ ಚಳಿಗಾಲದ ಟೈರುಗಳು ಬೇರೆಯೇ ಇವೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇವು ಕಡ್ಡಾಯ. ಹಿಮಾಲಯದ ದಾರಿಗಳಲ್ಲಿ ಚಾಲಕರು ಹೆಚ್ಚಾಗಿ ಗಾಲಿಗೆ ಕಬ್ಬಿಣದ ಸರಪಳಿಯನ್ನು ಸುತ್ತುತ್ತಾರೆ. ಎಂಜಿನ್ನಿನ ಶಕ್ತಿ ಹರಿಯುವ ಗಾಲಿಗಳಿಗೆ ಅದನ್ನು ತೊಡಿಸಬೇಕು, ಮೆಲ್ಲನೆ ನಡೆಸಬೇಕು, ಬರಿಯ ಡಾಂಬರು ಬಂದೊಡನೆ ಬಿಚ್ಚಬೇಕು.

ಸಾಮಾನ್ಯ ಡೀಸೆಲ್‌ನಲ್ಲಿರುವ ಮೇಣದಂತಹ ಅಂಶವು ಅತಿಶೀತದಲ್ಲಿ ಗಟ್ಟಿಯಾಗಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಈ ತೊಂದರೆಯನ್ನು ನಿವಾರಿಸಲು ಇಂಡಿಯನ್ ಆಯಿಲ್ ಸಂಸ್ಥೆಯು 2019ರಲ್ಲಿ, ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಡೀಸೆಲ್ಲನ್ನು ಲಡಾಖಿಗೆ ಒದಗಿಸತೊಡಗಿತು. ರೇಡಿಯೇಟರಿನಲ್ಲಿ ಬರಿಯ ನೀರಿದ್ದರೆ ಅದು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗಿ ಎಂಜಿನ್ನನ್ನೇ ಸೀಳಬಲ್ಲದು. ಗ್ಲೈಕಾಲ್ ಬೆರೆಸಿದ ದ್ರವವೇ ಬೇಕು. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುವುದರಿಂದ ಹಳೆಯ ಬ್ಯಾಟರಿಯನ್ನು ನಂಬಿ ಹೊರಡಬಾರದು. ರಾತ್ರಿ ವಾಹನವನ್ನು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕನ್ನು ಎಳೆದಿಟ್ಟರೆ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಬಿಡದೆ ಹೋಗಬಹುದು. ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಗಾಲಿಗೆ ಕಲ್ಲು ಕೊಡುವುದು ಒಳ್ಳೆಯದು.

ಚಾಲನೆಯ ಕ್ರಮ

ಹಿಮದ ಮೇಲೆ ಏನನ್ನೇ ಮಾಡಿದರೂ ಮುಂಚೆಯೇ ಮಾಡಬೇಕು, ಮೆಲ್ಲನೆ ಮಾಡಬೇಕು. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ತಿರುವಿನೊಳಗಲ್ಲ, ತಿರುವಿಗೆ ಮುನ್ನವೇ ವೇಗವನ್ನು ತಗ್ಗಿಸಬೇಕು. ಮುಂದಿನ ವಾಹನಕ್ಕೂ ನಮಗೂ ನಡುವೆ ಒಣ ರಸ್ತೆಯಲ್ಲಿ ಬಿಡುವುದಕ್ಕಿಂತ ಹಲವು ಪಟ್ಟು ಅಂತರವಿರಬೇಕು. ವಾಹನ ಜಾರತೊಡಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕನ್ನು ತುಳಿಯದೆ, ಹೋಗಬೇಕಾದ ದಿಕ್ಕಿಗೆ ದೃಷ್ಟಿಯಿಟ್ಟು ಸ್ಟಿಯರಿಂಗನ್ನು ಆ ಕಡೆಗೆ ಮೃದುವಾಗಿ ತಿರುಗಿಸಬೇಕು. ಗಾಲಿ ಮತ್ತೆ ಉರುಳತೊಡಗಿದಾಗ ಹಿಡಿತ ಮರಳುತ್ತದೆ. ಇಂದಿನ ಅನೇಕ ವಾಹನಗಳಲ್ಲಿ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯಿದೆ, ಅಂಥವುಗಳಲ್ಲಿ ನಿಲ್ಲಿಸಲೇಬೇಕಾದಾಗ ಬ್ರೇಕನ್ನು ಒತ್ತಿಹಿಡಿದೇ ದಾರಿ ತಿರುಗಿಸಬಹುದು. ಆದರೆ ಆ ವ್ಯವಸ್ಥೆಯು ಇಲ್ಲದ ಘರ್ಷಣೆಯನ್ನು ಎಲ್ಲಿಂದಲೂ ತಂದುಕೊಡಲಾರದು.

ಸಿಕ್ಕಿಕೊಂಡಾಗ

2024ರ ಡಿಸೆಂಬರಿನಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ನೂರಾರು ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡು, ಪೊಲೀಸರು ಪ್ರವಾಸಿಗರನ್ನು ಪಾರುಮಾಡಬೇಕಾಯಿತು. ಎಲ್ಲ ಕಡೆಯೂ ಹೀಗೆ ಸುಖಾಂತವಾಗುವುದಿಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ‍್ರಿ ಗಿರಿಧಾಮದ ದಾರಿಯಲ್ಲಿ ಹಿಮಕ್ಕೆ ಸಿಕ್ಕಿದ ಕಾರುಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ, ಮಕ್ಕಳನ್ನೂ ಒಳಗೊಂಡು, ಅಸುನೀಗಿದರು. ಚಳಿಯೊಂದೇ ಶತ್ರುವಲ್ಲ. ಹೊಗೆಕೊಳವೆಯನ್ನು ಹಿಮ ಮುಚ್ಚಿದಾಗ ಎಂಜಿನ್ ನಡೆಯುತ್ತಿದ್ದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ಒಳಗೆ ತುಂಬಿ, ನಿದ್ರೆಯಲ್ಲೇ ಪ್ರಾಣವನ್ನು ಒಯ್ಯುತ್ತದೆ. ಆದುದರಿಂದ ಸಿಕ್ಕಿಕೊಂಡವರು ಹೊಗೆಕೊಳವೆಯ ಸುತ್ತಲಿನ ಹಿಮವನ್ನು ಆಗಾಗ ತೆಗೆಯಬೇಕು. ಎಂಜಿನ್ನನ್ನು ಸ್ವಲ್ಪ ಹೊತ್ತು ಮಾತ್ರ ನಡೆಸಿ ನಿಲ್ಲಿಸಬೇಕು. ಒಂದು ಕಿಟಕಿಯನ್ನು ಬೆರಳಗಲ ತೆರೆದಿಡಬೇಕು. ಎಲ್ಲರೂ ಒಮ್ಮೆಲೇ ನಿದ್ರಿಸಬಾರದು. ಹಿಮಗಾಳಿ ಬೀಸುವಾಗ ಸಹಾಯವನ್ನರಸಿ ವಾಹನವನ್ನು ಬಿಟ್ಟು ನಡೆಯುವುದಕ್ಕಿಂತ ಅದರಲ್ಲೇ ಕಾಯುವುದು ಸಾಮಾನ್ಯವಾಗಿ ಕ್ಷೇಮ. ಕಂಬಳಿ, ನೀರು, ಒಣ ತಿಂಡಿ, ಬ್ಯಾಟರಿದೀಪ, ಒಂದು ಸಲಿಕೆ, ಒಂದು ಚೀಲ ಮರಳು, ಇಷ್ಟನ್ನು ಹೊರಡುವಾಗಲೇ ಇಟ್ಟುಕೊಂಡಿರಬೇಕು. ತಿರುಗುತ್ತ ನಿಂತಲ್ಲೇ ನಿಂತ ಗಾಲಿಯ ಕೆಳಗೆ ಮರಳು ಹಾಕಿದರೆ ಅದು ಹಿಡಿತ ಪಡೆಯುತ್ತದೆ.

1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯ ಜನರು ಈ ದಾರಿಗಳಲ್ಲಿ ಹಿಮವನ್ನು ಕಡಿದು ತೆರವುಗೊಳಿಸುತ್ತಾರೆ. ತಣ್ಣನೆಯ ದೇಶಗಳಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದು ಸಹ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿಳಿದ ಮೇಲೆ ಹೆಚ್ಚು ಫಲಕಾರಿಯಲ್ಲ. ಯಾರು ಎಷ್ಟೇ ಶ್ರಮಿಸಿದರೂ ಕೊನೆಯ ಜವಾಬ್ದಾರಿ ಸ್ಟಿಯರಿಂಗ್ ಹಿಡಿದವನದು. ಮೊದಲ ಸಲ ಹಿಮದ ನಾಡಿಗೆ ಹೋಗುವವರು ಸ್ಥಳೀಯ ಚಾಲಕನಿಗೆ ವಾಹನವನ್ನು ಒಪ್ಪಿಸುವುದು, ಪೊಲೀಸರು ಬೇಡವೆಂದಾಗ ಹಿಂತಿರುಗುವುದು, ಎರಡೂ ಅವಮಾನವಲ್ಲ.

ಅಂದು ಬೇವಿನ ಮರದಡಿಯಲ್ಲಿ ಆ ತರುಣನು ಕೊನೆಗೆ, “ಹಂಗಾದ್ರ ನಾ ಏನ್ ಮಾಡಬೇಕಿತ್ತು, ಅಣ್ಣಾರ?” ಎಂದು ಕೇಳಿದನು. “ಆ ಇಳುಕಲಿಗೆ ಬರೂಕಿಂತ ಮದಲ ಸಾವಕಾಶ ಆಗಬೇಕಿತ್ತು” ಎಂದರು ಅವರು. ನಮ್ಮ ಮಕ್ಕಳು ಯಾವ ದೇಶದ ಯಾವ ದಾರಿಯಲ್ಲಿದ್ದರೂ ಈ ಒಂದು ಮಾತನ್ನು ನೆನಪಿನಲ್ಲಿಟ್ಟು, ಕ್ಷೇಮವಾಗಿ ಮನೆ ಸೇರಲೆಂಬುದೇ ಈ ಹಳೆಯ ಉಪಾಧ್ಯಾಯನ ಹಾರೈಕೆ.