ಜೀವಕೋಶದ ಅಕ್ಷರದೋಷ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟು ಪೀಣ್ಯವನ್ನು ದಾಟಿದರೆ ಮಾಕಳಿ ಸಿಗುತ್ತದೆ. ಈ ದಾರಿಯ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿದೆ. ವಿದ್ಯುತ್ತು ಸ್ವಲ್ಪ ಕುಗ್ಗಿದರೆ ಯಂತ್ರವು ಹೇಗೋ ತಿರುಗುತ್ತಿರುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿಳಿದರೆ ನಿಂತೇಬಿಡುತ್ತದೆ. ಜೀವಕೋಶದ ಸ್ಥಿತಿಯೂ ಹೀಗೆಯೇ. ಅದಕ್ಕೆ ಬೇಕಾದ ಶಕ್ತಿಯ ಬಹುಭಾಗವನ್ನು ಒದಗಿಸುವ ಕಣಗಳಿಗೆ ಮೈಟೋಕಾಂಡ್ರಿಯ ಎಂದು ಹೆಸರು.

ಈ ಕಣಗಳಿಗೆ ತಮ್ಮದೇ ಆದ ಡಿ.ಎನ್.ಎ. ಇದೆ. ಅದು ಉಂಗುರದ ಆಕಾರದ್ದು. ಅದರಲ್ಲಿ 37 ವಂಶವಾಹಿಗಳೂ 16,569 ಜೋಡಿ ರಾಸಾಯನಿಕ ಅಕ್ಷರಗಳೂ ಇವೆ. ಕೇಂಬ್ರಿಜ್ಜಿನ ವಿಜ್ಞಾನಿಗಳು 1981ರಲ್ಲಿ ಅದನ್ನು ಪೂರ್ಣವಾಗಿ ಓದಿ ಪ್ರಕಟಿಸಿದರು. ಅದರಲ್ಲಿ ಉಂಟಾಗುವ ಬದಲಾವಣೆ, ಅಂದರೆ ಉತ್ಪರಿವರ್ತನೆಯು, ರೋಗಕ್ಕೆ ಕಾರಣವಾಗಬಲ್ಲದೆಂಬುದು 1988ರಲ್ಲಿ ತಿಳಿದುಬಂದಿತು. ಹೆಚ್ಚು ಶಕ್ತಿಯನ್ನು ಬೇಡುವ ಮಿದುಳು, ಕಣ್ಣು, ಹೃದಯ, ಸ್ನಾಯುಗಳೇ ಆಗ ಮೊದಲು ಬಳಲುತ್ತವೆ. ಈ ಉಂಗುರವು ಮಕ್ಕಳಿಗೆ ತಾಯಿಯಿಂದಲೇ ಬರುತ್ತದೆ. ಹಾಗೆಂದು ಮಗುವಿನ ಕಾಯಿಲೆಗೆ ತಾಯಿಯನ್ನು ದೂರುವುದು ಅವಿವೇಕವೇ ಸರಿ; ಅವಳೂ ಅದನ್ನು ತನ್ನ ತಾಯಿಯಿಂದ ಪಡೆದವಳಲ್ಲವೇ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ರೋಗಿಗಳ ಪರೀಕ್ಷೆ ನಡೆಯುತ್ತದೆ. ಸ್ನಾಯುವಿನ ಸಣ್ಣ ಚೂರನ್ನು ತೆಗೆದು, ತೆಳುವಾಗಿ ಸೀಳಿ, ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು ಬಹುಕಾಲದ ಪದ್ಧತಿ. ದೋಷವುಳ್ಳ ಎಳೆಗಳ ಅಂಚು ಕೆಂಪಾಗಿ, ಹರಿದಂತೆ ಕಾಣುತ್ತದೆ. ಆದರೆ ಇದು ಸುಳಿವು ಮಾತ್ರ. ತಪ್ಪಿರುವ ಅಕ್ಷರ ಯಾವುದೆಂದು ತಿಳಿಯಲು ಡಿ.ಎನ್.ಎ.ಯನ್ನೇ ನೋಡಬೇಕು.

ಮೊದಲು ಪಿ.ಸಿ.ಆರ್. ಎಂಬ ಕ್ರಿಯೆಯಿಂದ ಉಂಗುರದ ಬೇಕಾದ ಭಾಗವೊಂದನ್ನೇ ಕೋಟಿಗಟ್ಟಲೆ ಪ್ರತಿಗಳಾಗಿ ಹೆಚ್ಚಿಸುತ್ತಾರೆ. ಎಳೆಯ ವಯಸ್ಸಿನಲ್ಲಿಯೇ ಪಾರ್ಶ್ವವಾಯುವಿನಂತಹ ಆಘಾತವನ್ನು ತರುವ ಮೆಲಾಸ್ ಎಂಬ ರೋಗವಿದೆ. ಇದರಲ್ಲಿ ಸಾಮಾನ್ಯವಾಗಿ 3243ನೆಯ ಸ್ಥಾನದಲ್ಲಿ ಅಡೆನಿನ್ ಇರಬೇಕಾದಲ್ಲಿ ಗ್ವಾನಿನ್ ಇರುತ್ತದೆಂದು 1990ರಲ್ಲಿ ಕಂಡುಹಿಡಿಯಲಾಯಿತು. ಈ ಬದಲಾವಣೆಯಾದ ಎಡೆಯನ್ನೇ ಗುರುತಿಸಿ ಕತ್ತರಿಸುವ ಒಂದು ಕಿಣ್ವವಿದೆ. ಸರಿಯಾದ ತುಂಡು ಅದಕ್ಕೆ ಸಿಕ್ಕದೆ ಇಡಿಯಾಗಿ ಉಳಿಯುತ್ತದೆ, ದೋಷವುಳ್ಳದ್ದು ಎರಡಾಗುತ್ತದೆ. ಅವನ್ನು ಜೆಲ್ಲಿಯಂತಹ ಪದರದಲ್ಲಿಟ್ಟು ವಿದ್ಯುತ್ತನ್ನು ಹರಿಸಿದರೆ ಚಿಕ್ಕ ತುಂಡುಗಳು ಮುಂದೆ ಓಡಿ, ದೊಡ್ಡದು ಹಿಂದೆ ಬೀಳುತ್ತದೆ. ಹೀಗೆ ಪಟ್ಟೆಗಳು ಮೂಡುತ್ತವೆ. ಒಂದು ಅಕ್ಷರದ ವ್ಯತ್ಯಾಸವನ್ನು ಕಣ್ಣಿಗೆ ತೋರಿಸುವ ಈ ಉಪಾಯವು ನಿಜಕ್ಕೂ ಸೊಗಸಾದದ್ದು. ಈಗ ಇಡೀ ಉಂಗುರವನ್ನು ಓದಿಬಿಡುವ ಯಂತ್ರಗಳೂ ಬಂದಿವೆ.

ಅನೇಕ ವೇಳೆ ಮೂರು ಪಟ್ಟೆಗಳೂ ಒಟ್ಟಿಗೆ ಕಾಣುತ್ತವೆ. ಒಂದೊಂದು ಜೀವಕೋಶದಲ್ಲಿಯೂ ಈ ಉಂಗುರಗಳು ನೂರಾರು, ಸಾವಿರಾರು ಇದ್ದು, ಒಳ್ಳೆಯವೂ ಕೆಟ್ಟವೂ ಬೆರೆತಿರುವುದೇ ಇದಕ್ಕೆ ಕಾರಣ. ಕೆಟ್ಟವುಗಳ ಪಾಲು ಒಂದು ಮಟ್ಟವನ್ನು ಮೀರಿದಾಗಲೇ, ವಿದ್ಯುತ್ತು ಕುಗ್ಗಿದ ಯಂತ್ರದಂತೆ, ಅಂಗವು ಸೋಲುತ್ತದೆ. ಆದುದರಿಂದ ದೋಷ ಇದೆಯೇ ಎಂಬುದರ ಜೊತೆಗೆ, ಎಷ್ಟಿದೆ, ಯಾವ ಅಂಗದಲ್ಲಿದೆ ಎಂದೂ ಕೇಳಬೇಕಾಗುತ್ತದೆ. 3243ರ ದೋಷವು ವಯಸ್ಸಾದಂತೆ ರಕ್ತದಲ್ಲಿ ಕಡಮೆಯಾಗುತ್ತ ಹೋಗುತ್ತದೆ, ಸ್ನಾಯುವಿನಲ್ಲಿ ಉಳಿದಿರುತ್ತದೆ. ರಕ್ತದ ವರದಿಯನ್ನೊಂದೇ ನಂಬಿದರೆ ರೋಗಿಷ್ಠ ಮಗುವಿನ ತಾಯಿಯಲ್ಲಿ ದೋಷವೇ ಇಲ್ಲವೆಂದು ತಪ್ಪಾಗಿ ಹೇಳಿಬಿಡುವ ಅಪಾಯವಿದೆ. ಅನುಭವಿಗಳಾದ ವೈದ್ಯರು ಅಂತಹವರ ಮೂತ್ರವನ್ನೂ ಪರೀಕ್ಷಿಸಲು ಹೇಳುತ್ತಾರೆ. ಮೂತ್ರದೊಡನೆ ಬರುವ ಜೀವಕೋಶಗಳಲ್ಲಿ ಈ ದೋಷವು ರಕ್ತದಲ್ಲಿರುವುದಕ್ಕಿಂತ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ.