ಮೊದಲು ಗೂಡು, ಆಮೇಲೆ ಕೈ: ಎಲೆಕ್ಟ್ರಿಕ್ ಗಿಟಾರಿಗೆ ಬದಲಿ ನೆಕ್

ಲಿಯೋ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್‌ಟನ್ ಊರಿನಲ್ಲಿ ಅವರದು ರೇಡಿಯೊ ರಿಪೇರಿ ಅಂಗಡಿ. ಕೆಟ್ಟ ಭಾಗ ಬಿಚ್ಚಿ ಹೊಸದು ಕೂರಿಸುವುದು ಆ ಕಸುಬಿನ ರೂಢಿ. 1950ರಲ್ಲಿ ತಮ್ಮ ಎಲೆಕ್ಟ್ರಿಕ್ ಗಿಟಾರನ್ನು ಮಾರುಕಟ್ಟೆಗೆ ತಂದಾಗಲೂ ಅವರ ಕಣ್ಣು ರಿಪೇರಿಯವರದೇ. ಗಿಬ್ಸನ್‌ನಂಥ ಹಳೆಯ ಕಂಪನಿಗಳು ಬೆರಳಾಡುವ ಉದ್ದ ಭಾಗವಾದ ನೆಕ್ ಅನ್ನು ಒಡಲಿಗೆ ಅಂಟಿಸುತ್ತಿದ್ದವು. ಫೆಂಡರ್ ಒಡಲಿನಲ್ಲಿ ಒಂದು ಗೂಡು ಕೊರೆಸಿ, ನೆಕ್‌ನ ಬುಡವನ್ನು ಅದರಲ್ಲಿ ಕೂರಿಸಿ, ಹಿಂದಿನಿಂದ ನಾಲ್ಕು ಸ್ಕ್ರೂ ಬಿಗಿಸಿದರು. 1951ರ ಟೆಲಿಕಾಸ್ಟರ್, 1954ರ ಸ್ಟ್ರ್ಯಾಟೋಕಾಸ್ಟರ್ ಎರಡೂ ಇದೇ ಜಾಡಿನವು. ಇವತ್ತು ಮನೆಯಲ್ಲೇ ಕೂತು ನೆಕ್ ಬದಲಿಸಬಹುದು ಎಂದರೆ ಅದು ಆ ನಾಲ್ಕು ಸ್ಕ್ರೂಗಳ ಪುಣ್ಯ.

ಈ ಅನುಕೂಲವನ್ನು ದೊಡ್ಡ ವಾದಕರೂ ಬಳಸಿಕೊಂಡರು. ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹಳೆಯ ಸ್ಟ್ರ್ಯಾಟೋಕಾಸ್ಟರ್‌ಗಳನ್ನು ಒಟ್ಟಿಗೆ ಕೊಂಡು, ಕೆಲವನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರನ್ನು ಬಿಚ್ಚಿ, ಚೆನ್ನಾಗಿದ್ದ ಭಾಗಗಳನ್ನಷ್ಟೇ ಸೇರಿಸಿ ಒಂದು ಗಿಟಾರ್ ಮಾಡಿಕೊಂಡರು. ‘ಬ್ಲ್ಯಾಕಿ’ ಎಂದು ಹೆಸರಾದ ಅದು 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು.

ಬಿಚ್ಚುವುದು ಸುಲಭ, ಹೊಂದಿಸುವುದು ಅಳತೆಯ ಕೆಲಸ. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಮರದ ಬಣ್ಣದ ಮೇಲೆ. ಸರದಿ ಇರಬೇಕಾದದ್ದು ಬೇರೆ ರೀತಿ: ಮೊದಲು ಒಡಲು ಒಪ್ಪಬೇಕು, ಆಮೇಲೆ ಕೈ ಒಪ್ಪಬೇಕು, ಕಣ್ಣಿನ ಸರದಿ ಕೊನೆಗೆ.

ನಿಜಕ್ಕೂ ಬದಲಿಸಬೇಕೆ?

ಆರು ತಂತಿಗಳು ಸೇರಿ ನೆಕ್ ಅನ್ನು ಸುಮಾರು 45 ಕಿಲೋ ಬಲದಿಂದ ಎಳೆಯುತ್ತವೆ. ಆ ಎಳೆತಕ್ಕೆ ಎದುರಾಗಿ ನೆಕ್‌ನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿರುತ್ತದೆ. ನೆಕ್ ಬಿಲ್ಲಿನಂತೆ ಬಾಗಿದ್ದರೆ ಆ ಸರಳಿನ ನಟ್ಟನ್ನು ತುಸು ತಿರುಗಿಸಿದರೆ ಸಾಕಾಗಬಹುದು. ಫ್ರೆಟ್ (ಮೆಟ್ಟು) ಸವೆದಿದ್ದರೆ ಫ್ರೆಟ್ ಮಾತ್ರ ಹೊಸದು ಹಾಕಿಸಬಹುದು. ಒದ್ದೆ ಬಟ್ಟೆ ಹಿಂಡಿದಂತೆ ನೆಕ್ ತಿರುಚಿಕೊಂಡಿದ್ದರೆ, ಸರಳೇ ತುಂಡಾಗಿದ್ದರೆ, ಇಲ್ಲವೇ ಎಷ್ಟು ದಿನ ನುಡಿಸಿದರೂ ಕೈಗೆ ಒಗ್ಗದಿದ್ದರೆ ಬದಲಿ ಹುಡುಕುವುದು ಸರಿ.

ಒಡಲು ಕೇಳುವ ಅಳತೆ

ಹಳೆಯ ನೆಕ್ ಬಿಚ್ಚಿ, ವರ್ನಿಯರ್ ಕ್ಯಾಲಿಪರ್ ಹಿಡಿದು ಗೂಡನ್ನು ಅಳೆಯಿರಿ. ಫೆಂಡರ್ ಮಾದರಿಯ ಗೂಡು ಸುಮಾರು 56 ಮಿ.ಮೀ. ಅಗಲ, 16 ಮಿ.ಮೀ. ಆಳ ಇರುತ್ತದೆ. ನಕಲು ಮಾದರಿಗಳಲ್ಲಿ ಒಂದೆರಡು ಮಿ.ಮೀ. ಹೆಚ್ಚುಕಮ್ಮಿ ಆಗುವುದುಂಟು, ಅಷ್ಟೇ ಸಾಕು ನೆಕ್ ಕೂರದಿರಲು. ಆಕಾರವನ್ನೂ ಗಮನಿಸಿ. ಸ್ಟ್ರ್ಯಾಟೋಕಾಸ್ಟರ್ ನೆಕ್‌ನ ಬುಡ ದುಂಡಗಿದ್ದರೆ ಟೆಲಿಕಾಸ್ಟರ್‌ನದು ಚೌಕ. ದುಂಡು ಬುಡ ಚೌಕ ಗೂಡಿನಲ್ಲಿ ಕೂರುತ್ತದೆ, ಮೂಲೆಯಲ್ಲಿ ಸಂದು ಕಾಣುತ್ತದೆ ಅಷ್ಟೇ. ಚೌಕ ಬುಡ ಮಾತ್ರ ದುಂಡು ಗೂಡಿಗೆ ಇಳಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಸ್ಕೇಲ್ ಉದ್ದ: ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನಿಂದ (ಟ್ರಸ್ ರಾಡ್‌ನ ನಟ್ಟು ಬೇರೆ) ಒಡಲಿನ ಮೇಲಿನ ಬ್ರಿಡ್ಜಿನವರೆಗೆ ತಂತಿ ಮಿಡಿಯುವ ಉದ್ದ. ವೀಣೆಯ ಮೆಟ್ಟುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರ ಸರಿಯಿಲ್ಲದಿದ್ದರೆ ಮೇಣ ಕಾಯಿಸಿ ಸರಿಸಬಹುದು. ಗಿಟಾರಿನ ಫ್ರೆಟ್‌ಗಳನ್ನು ಮರದ ಸೀಳಿಗೆ ಬಡಿದು ಕೂರಿಸಿರುತ್ತಾರೆ, ಸರಿಸಲಾಗದು. ಅವುಗಳ ಜಾಗವನ್ನು ನಿರ್ಧರಿಸುವುದು ಸ್ಕೇಲ್ ಉದ್ದವೊಂದೇ. ಫೆಂಡರ್ ಅಳತೆ 648 ಮಿ.ಮೀ. ಅದನ್ನು 17.817ರಿಂದ ಭಾಗಿಸಿದರೆ ನಟ್‌ನಿಂದ ಮೊದಲ ಫ್ರೆಟ್‌ಗೆ 36.4 ಮಿ.ಮೀ.; ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಮುಂದಿನ ಫ್ರೆಟ್. ಹೀಗೆ ಹನ್ನೆರಡನೆಯದು ಸರಿಯಾಗಿ ನಡುವೆ, 324 ಮಿ.ಮೀ.ಗೆ ಬರುತ್ತದೆ. ಅಲ್ಲಿ ಒತ್ತಿದಾಗ ಮೇಲಿನ ಷಡ್ಜ ಕೇಳಬೇಕಾದರೆ ಅಲ್ಲಿಂದ ಬ್ರಿಡ್ಜೂ ಸುಮಾರು ಅಷ್ಟೇ ದೂರದಲ್ಲಿರಬೇಕು.

ಗಿಬ್ಸನ್ ಅಳತೆ ಸುಮಾರು 628 ಮಿ.ಮೀ. ಆ ಲೆಕ್ಕದ ಫ್ರೆಟ್‌ಗಳನ್ನು 648ರ ಬ್ರಿಡ್ಜಿಗೆ ಜೋಡಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ. ಬ್ರಿಡ್ಜಿನ ಸ್ಕ್ರೂ ತಿರುಗಿಸಿ ಸರಿಸಬಹುದಾದದ್ದು ಕೆಲವೇ ಮಿ.ಮೀ., ಇಪ್ಪತ್ತಲ್ಲ. ಫೆಂಡರ್ ಗೂಡಿಗೆಂದೇ ಲೆಕ್ಕ ಹಾಕಿ ಮಾಡಿದ ಗಿಡ್ಡ ಸ್ಕೇಲಿನ ನೆಕ್‌ಗಳು ಸಿಗುತ್ತವೆ. ಅವುಗಳಲ್ಲಿ ನಟ್ಟೇ ಬ್ರಿಡ್ಜಿನತ್ತ ಸರಿದಿರುತ್ತದೆ. ಫ್ರೆಟ್‌ಗಳ ಎಣಿಕೆ 21 ಇರಲಿ, 22 ಇರಲಿ, ಸ್ಕೇಲ್ ಬದಲಾಗುವುದಿಲ್ಲ. ಇಪ್ಪತ್ತೆರಡನೆಯ ಫ್ರೆಟ್ ಸಾಮಾನ್ಯವಾಗಿ ಗೂಡಿನಾಚೆಗೆ ಚಾಚಿದ ಹಲಗೆಯ ಮೇಲಿರುತ್ತದೆ.

ಕೈ ಕೇಳುವ ಅಳತೆ

ಒಡಲು ಒಪ್ಪಿದ ಮೇಲೆ ಆಯ್ಕೆ ನಿಮ್ಮದು. ನಟ್ ಹತ್ತಿರದ ಅಗಲ ಸಾಮಾನ್ಯವಾಗಿ 41ರಿಂದ 43 ಮಿ.ಮೀ. ಎರಡು ಮಿ.ಮೀ. ವ್ಯತ್ಯಾಸ ಕೇಳಲು ಅಲ್ಪ, ಬೆರಳಿಗೆ ಅಲ್ಪವಲ್ಲ. ಬೆನ್ನಿನ ಆಕಾರವನ್ನು ಇಂಗ್ಲಿಷ್ ಅಕ್ಷರಗಳಿಂದ ಕರೆಯುತ್ತಾರೆ: ‘ಸಿ’ ಹದವಾದ ದುಂಡು, ‘ಯು’ ಕೈತುಂಬ ದಪ್ಪ, ‘ವಿ’ ನಡುವೆ ಏಣು ಇರುವಂಥದ್ದು. ಹೆಬ್ಬೆರಳನ್ನು ನೆಕ್‌ನ ಮೇಲಂಚಿಗೆ ಕೊಕ್ಕೆಯಂತೆ ಹಾಕಿ ನುಡಿಸುವವರಲ್ಲಿ ಅನೇಕರಿಗೆ ‘ವಿ’ ಹಿತ.

ಫ್ರೆಟ್‌ಬೋರ್ಡಿನ ಉಬ್ಬನ್ನು ತ್ರಿಜ್ಯದ ಲೆಕ್ಕದಲ್ಲಿ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಉಬ್ಬು ಹೆಚ್ಚು. ಹಳೆಯ ಫೆಂಡರ್‌ಗಳ 7.25 ಇಂಚಿನ ಉಬ್ಬಿನಲ್ಲಿ ಕಾರ್ಡ್ ಹಿಡಿಯುವುದು ಸಲೀಸು. ಆದರೆ ತಂತಿ ತೀರಾ ತಗ್ಗಿನಲ್ಲಿದ್ದು, ಸ್ವರ ಏರಿಸಲು ಅದನ್ನು ಪಕ್ಕಕ್ಕೆ ಎಳೆದರೆ, ನಡುವಿನ ಏರಿಗೆ ತಗುಲಿ ನಾದ ಸತ್ತುಹೋಗುತ್ತದೆ. ಹಾಗೆ ಎಳೆದು ನುಡಿಸುವವರಿಗೆ 9.5 ಅಥವಾ 12 ಇಂಚು ಅನುಕೂಲ.

ಬಿರಡೆಗಳ ತೂತನ್ನೂ ಮರೆಯಬೇಡಿ. ಹಳೆಯ ಮಾದರಿಯ ಬಿರಡೆಗೆ ಸುಮಾರು 8.7 ಮಿ.ಮೀ., ಹೊಸದಕ್ಕೆ ಸುಮಾರು 10. ಚಿಕ್ಕ ತೂತನ್ನು ದೊಡ್ಡದು ಮಾಡುವುದು ಸುಲಭ. ದೊಡ್ಡದನ್ನು ಚಿಕ್ಕದು ಮಾಡಲು ನಡುವೆ ಬುಶ್ ಹಾಕಬೇಕು.

ಕೊನೆಗೆ ಮರ

ನೆಕ್ ಬಹುಪಾಲು ಮೇಪಲ್ ಮರದ್ದು. ಬೆರಳಾಡುವ ಹಲಗೆ ಮೇಪಲ್ ಆಗಿದ್ದರೆ ಬೆವರು, ಕೊಳೆ ಹಿಡಿಯದಂತೆ ಮೇಲೊಂದು ಲೇಪ ಬೇಕು. ರೋಸ್‌ವುಡ್‌ನಲ್ಲಿ ತನ್ನದೇ ಎಣ್ಣೆಯಂಶ ಇರುವುದರಿಂದ ಲೇಪ ಬೇಡ. ಕ್ಯಾಟಲಾಗಿನಲ್ಲಿ ‘ಇಂಡಿಯನ್ ರೋಸ್‌ವುಡ್’ ಎಂದು ಕಂಡರೆ ಅದು ನಮ್ಮ ಬೀಟೆ. ಕೊಡಗು, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕುಸುರಿಗಾರರು ಬಣ್ಣದ ಮರದ ಚೂರು ಕೂರಿಸಿ ಚಿತ್ರ ಬಿಡಿಸುವ ಅದೇ ಮರ. 2017ರಲ್ಲಿ ರೋಸ್‌ವುಡ್ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾದಾಗ ಕೆಲವು ತಯಾರಕರು ಪಾವ್ ಫೆರೋ ಮರಕ್ಕೆ ಹೊರಳಿದರು. ಸಿದ್ಧ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು.

ಕೂರಿಸುವಾಗ

ಹೊಸ ನೆಕ್‌ನ ಬುಡದಲ್ಲಿ ತೂತು ಇಲ್ಲದಿದ್ದರೆ ಒಳ್ಳೆಯದೇ. ನಿಮ್ಮ ಒಡಲಿಗೆ ತಕ್ಕಂತೆ ಗುರುತಿಸಬಹುದು. ನೆಕ್ ಅನ್ನು ಗೂಡಿನಲ್ಲಿಟ್ಟು, ಕ್ಲ್ಯಾಂಪ್ ಹಾಕಿ, ಅಂಚಿನ ಎರಡು ತಂತಿಗಳನ್ನು ಸಡಿಲವಾಗಿ ಕಟ್ಟಿ. ಎರಡೂ ಅಂಚಿನಲ್ಲಿ ಜಾಗ ಸಮನಾಗಿ ಉಳಿದರೆ ಆಗ ಗುರುತು ಹಾಕಿ ಕೊರೆಯಿರಿ. ಮೇಪಲ್ ಗಟ್ಟಿ ಮರ. ಸ್ಕ್ರೂಗೆ ಸ್ವಲ್ಪ ಸೋಪು ಸವರಿದರೆ ಮುರಿಯದೆ ಇಳಿಯುತ್ತದೆ.

ಬುಡ ಕೂದಲೆಳೆಯಷ್ಟು ಬಿಗಿಯಾದರೆ ಉಜ್ಜುಕಾಗದ ತಾಗಿಸಬೇಕಾದದ್ದು ನೆಕ್‌ಗೆ, ಗೂಡಿಗಲ್ಲ. ಗೂಡು ಮೊದಲಿನಂತೆ ಇದ್ದರೆ, ಹೊಸದು ಕೈಗೆ ಒಗ್ಗದ ದಿನ ಅದೇ ನಾಲ್ಕು ಸ್ಕ್ರೂ ಬಿಚ್ಚಿ ಹಳೆಯದನ್ನೇ ಮರಳಿ ಕೂರಿಸಬಹುದು. ಅದಕ್ಕೇ ಹಳೆಯ ನೆಕ್ ಎಸೆಯಬೇಡಿ.